ಮಳೆಗಾಲಕ್ಕೆ ಬಂಗುಡೆ ಒಣಗಿಸುವ ಬಗೆ

ಒಣಮೀನಿನ ಕೆಲಸ ಮೇ ತಿಂಗಳೊಳಗೆ ಮುಗಿಯಬೇಕು. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಆಗ ಬಿಸಿಲೂ ಸಿಗದು.

ಕಿವಿರು ಕೆಂಪಾಗಿರುವ, ಒತ್ತಿದರೆ ಗಟ್ಟಿಯಿರುವ ಬಂಗುಡೆಯನ್ನೇ ತನ್ನಿ. ದಡದಲ್ಲಿ ಬಿಸಿಲಿಗೆ ಬಿದ್ದಿದ್ದ ಮೀನು ಅಗ್ಗಕ್ಕೆ ಸಿಕ್ಕರೂ ಬೇಡ. ಅದರಲ್ಲಿ ಹುಟ್ಟುವ ಹಿಸ್ಟಮಿನ್ ಎಂಬ ವಿಷ ಉಪ್ಪಿಗೂ ಹೋಗದು, ಬೇಯಿಸಿದರೂ ಹೋಗದು. ತಿಂದವರಿಗೆ ಮೈ ಕೆಂಪೇರಿ ತುರಿಕೆ ಬರುತ್ತದೆ.

ಬೆನ್ನಿನ ಕಡೆಯಿಂದ ಸೀಳಿ, ಹೊಟ್ಟೆಯ ಚರ್ಮ ತುಂಡಾಗದಂತೆ ಅಗಲಕ್ಕೆ ಬಿಡಿಸಿ. ಕರುಳು, ಕಿವಿರು ತೆಗೆದರೆ ಸಾಲದು. ಬೆನ್ನುಮೂಳೆಗೆ ಅಂಟಿದ ರಕ್ತ, ಹೊಟ್ಟೆಯೊಳಗಿನ ಕಪ್ಪು ಪೊರೆಯನ್ನೂ ಉಜ್ಜಿ ತೆಗೆಯಿರಿ. ಕೊಳೆತ ವಾಸನೆ ಹೆಚ್ಚಾಗಿ ಅಲ್ಲಿಂದಲೇ ಶುರು. ತೊಳೆದು ನೀರು ಸೋರಲು ಬಿಡಿ.

ಸ್ವಚ್ಛ ಮಾಡಿದ 4 ಕಿಲೋ ಮೀನಿಗೆ 1 ಕಿಲೋ ಕಲ್ಲುಪ್ಪು. ಗೋಕರ್ಣದ ಬಳಿಯ ಸಾಣಿಕಟ್ಟೆಯ ಉಪ್ಪಾದರೂ ಸರಿ, ಆದರೆ ಕಹಿನೀರು ಇಳಿದುಹೋದ ಹಳೆಯ ಉಪ್ಪಾಗಿರಲಿ. ಹೊಸದರಲ್ಲಿ ಮೆಗ್ನೀಸಿಯಂ ಹೆಚ್ಚು: ಮೀನು ಕಹಿಯಾಗುತ್ತದೆ, ಗಾಳಿಯ ತೇವವನ್ನೂ ಎಳೆಯುತ್ತದೆ. ಪ್ಲಾಸ್ಟಿಕ್ ಡಬ್ಬಿಯ ತಳಕ್ಕೆ ಉಪ್ಪು ಹಾಕಿ, ಮಾಂಸ ಮೇಲಾಗಿ ಮೀನು ಜೋಡಿಸಿ, ಮತ್ತೆ ಉಪ್ಪು, ಹೀಗೆ ಪದರ ಪದರವಾಗಿ. ಕೊನೆಯ ಪದರ ಮಾತ್ರ ಚರ್ಮ ಮೇಲಕ್ಕೆ. ಹಲಗೆಯಿಟ್ಟು ಮೇಲೆ ಕಲ್ಲು ಹೇರಿ. ಒಂದು ದಿನ ಬೇಕು. ಬಿಟ್ಟ ನೀರಿನಲ್ಲಿ ಮೀನು ಮುಳುಗಿಯೇ ಇರಬೇಕು. ಮೇಲೆದ್ದ ಮೀನಿಗೆ ಗಾಳಿ ತಾಗಿ ಎಣ್ಣೆ ಹಳದಿಗಟ್ಟುತ್ತದೆ. ಬೂತಾಯಿ ಮೀನಿನಲ್ಲಿ ಕೊಬ್ಬು ಹೆಚ್ಚಿದ್ದಾಗ ಈ ಕಾಟ ಇನ್ನೂ ಜಾಸ್ತಿ.

ಅದೇ ಉಪ್ಪುನೀರಿನಲ್ಲಿ ಅಲ್ಲಾಡಿಸಿ, ಅಂಟಿದ ಹರಳು ಉದುರಿಸಿ ಒಣಹಾಕಿ. ಮರಳ ಮೇಲೆ ಬೇಡವೇ ಬೇಡ. ಸೊಂಟದೆತ್ತರಕ್ಕೆ ಬಿದಿರು ಕಟ್ಟಿ, ಹಳೆಯ ಬಲೆ ಬಿಗಿದು ಹರಡಿ. ನೊಣ ಮೊಟ್ಟೆಯಿಡುವುದು ಮೀನು ಹಸಿಯಿರುವ ಮೊದಲ ದಿನವೇ, ಮೇಲೊಂದು ಸಣ್ಣ ಕಣ್ಣಿನ ಬಲೆ ಮುಚ್ಚಿ. ಆ ದಿನ ಮಧ್ಯಾಹ್ನದ ಸುಡುಬಿಸಿಲಿಗೆ ನೆರಳು ಮಾಡಿ, ಇಲ್ಲದಿದ್ದರೆ ಹೊರಪದರ ಗಟ್ಟಿಯಾಗಿ ಒಳಗಿನ ನೀರು ಅಲ್ಲೇ ಉಳಿಯುತ್ತದೆ. ರಾತ್ರಿ ಒಳಗೆ ತಂದು ಒಂದರ ಮೇಲೊಂದಿಟ್ಟು ಭಾರ ಹೇರಿದರೆ ಒಳತೇವ ಹೊರಗೆ ಬರುತ್ತದೆ. ಒಳ್ಳೆಯ ಬಿಸಿಲಿದ್ದರೆ ಮೂರು ದಿನ ಸಾಕು. ದಪ್ಪ ಭಾಗವನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ, ಗುರುತು ಬೀಳಬಾರದು.

ಪೂರ್ತಿ ತಣಿದ ಮೇಲೆಯೇ ಡಬ್ಬಿಗೆ ತುಂಬಿ. ಬೆಚ್ಚಗಿರುವಾಗ ಮುಚ್ಚಿದರೆ ಒಳಗೆ ಬೆವರಿ ಬೂಸು ಹಿಡಿಯುತ್ತದೆ. ಮಳೆಗಾಲದಲ್ಲಿ ಆಗಾಗ ತೆರೆದು ನೋಡಿ. ಗುಲಾಬಿ ಬಣ್ಣದ ಲೋಳೆ ಕಂಡರೆ ಅದು ಉಪ್ಪಿನಲ್ಲೇ ಬದುಕುವ ಬ್ಯಾಕ್ಟೀರಿಯಾ. ಆ ಮೀನನ್ನು ಎಸೆದುಬಿಡಿ, ಡಬ್ಬಿಯನ್ನು ಕುದಿನೀರಿನಲ್ಲಿ ತೊಳೆಯಿರಿ, ಉಳಿದ ಉಪ್ಪನ್ನು ಮತ್ತೆ ಬಳಸಬೇಡಿ.