ಹದಿನೆಂಟು ವರ್ಷದ ಬಾಯ್ಲರನ್ನು ನಾನು ಬದಲಿಸಿದ್ದು ಯಾವಾಗ, ಏಕೆ

ಇಂಗ್ಲೆಂಡಿನ ರೆಡಿಂಗ್ ಪಟ್ಟಣದಲ್ಲಿ 2011ರಲ್ಲಿ ನಾವು ಕೊಂಡ ಸಾಲುಮನೆಯ ಅಡುಗೆಕೋಣೆಯ ಗೋಡೆಯ ಮೇಲೆ, ಹಿಂದಿನ ಮಾಲೀಕರು 2004ರಲ್ಲಿ ಹಾಕಿಸಿದ್ದ ಗ್ಯಾಸ್ ಬಾಯ್ಲರ್ ಇತ್ತು. ಇಲ್ಲಿ ಇದನ್ನು ಕಾಂಬಿ ಎನ್ನುತ್ತಾರೆ: ಎಂಟು ರೇಡಿಯೇಟರುಗಳಿಗೆ ಬಿಸಿನೀರು ಹರಿಸಿ ಮನೆಯನ್ನು ಬೆಚ್ಚಗಿಡುವುದೂ, ನಲ್ಲಿ ತಿರುಗಿಸಿದ ಕೂಡಲೇ ಸ್ನಾನಕ್ಕೆ ನೀರು ಕಾಯಿಸಿ ಕೊಡುವುದೂ ಅದರದೇ ಕೆಲಸ. ಅದನ್ನು ಹನ್ನೊಂದು ವರ್ಷ ಬಳಸಿ 2022ರ ಡಿಸೆಂಬರಿನಲ್ಲಿ ತೆಗೆಸಿದೆ. ಆ ನಡುವೆ ಎರಡು ಬಾರಿ ಅದನ್ನು ಬದಲಿಸಬೇಕೆಂದು ಬಲ್ಲವರೇ ಹೇಳಿದ್ದರೂ ನಾನು ಬದಲಿಸಲಿಲ್ಲ. ಮೂರನೆಯ ಬಾರಿ ಯಾರೂ ಹೇಳುವ ಮೊದಲೇ ನನಗೆ ಖಚಿತವಾಗಿತ್ತು. ಈ ಮೂರು ಸಂದರ್ಭಗಳಲ್ಲಿ ನಾನು ಏನನ್ನು ನೋಡಿ ತೀರ್ಮಾನಿಸಿದೆ ಎಂಬುದನ್ನು ಬರೆದಿಡುತ್ತಿದ್ದೇನೆ.

ಮೊದಲನೆಯದು 2015ರ ಚಳಿಗಾಲ. ಬಾಯ್ಲರಿನ ಕೆಳಗಿರುವ ಒತ್ತಡದ ಮುಳ್ಳು, ನೀರು ತಣ್ಣಗಿರುವಾಗ 1ರಿಂದ 1.5 ಬಾರ್ ನಡುವೆ ನಿಲ್ಲಬೇಕು; ನಮ್ಮದು ವಾರಕ್ಕೊಮ್ಮೆ ಅರ್ಧ ಬಾರ್‌ಗೆ ಇಳಿದು ಬಾಯ್ಲರ್ ನಿಂತುಬಿಡುತ್ತಿತ್ತು. ನೋಡಲು ಬಂದ ತಂತ್ರಜ್ಞರೊಬ್ಬರು ಯಂತ್ರದ ವಯಸ್ಸು ಕೇಳಿದರು, ಹನ್ನೊಂದು ಎಂದೆ. ಇನ್ನು ಇದಕ್ಕೆ ಹಣ ಹಾಕುವುದು ವ್ಯರ್ಥವೆಂದು ಹೇಳಿ, ಹೊಸದಕ್ಕೆ 2,400 ಪೌಂಡಿನ ಅಂದಾಜುಪಟ್ಟಿ ಬರೆದುಕೊಟ್ಟು ಹೊರಟರು. ಮುಚ್ಚಳವನ್ನೂ ಬಿಚ್ಚದೆ ಹೇಳಿದ ಮಾತಾದ್ದರಿಂದ ನನಗೆ ಒಪ್ಪಿಗೆಯಾಗಲಿಲ್ಲ. ಮುಳ್ಳನ್ನು ಎರಡು ದಿನ ಗಮನಿಸಿದೆ. ತಣ್ಣಗಿರುವಾಗ 1.2 ಇದ್ದದ್ದು, ರೇಡಿಯೇಟರುಗಳು ಬಿಸಿಯಾಗುತ್ತಿದ್ದಂತೆ 3ರ ಸಮೀಪಕ್ಕೆ ಏರುತ್ತಿತ್ತು. ಒತ್ತಡ 3 ಬಾರ್ ಮುಟ್ಟಿದಾಗ ತೆರೆದುಕೊಳ್ಳುವ ಒಂದು ರಕ್ಷಣಾ ವಾಲ್ವ್ ಬಾಯ್ಲರಿನೊಳಗೆ ಇರುತ್ತದೆ, ಅದರ ತಾಮ್ರದ ಕೊಳವೆ ಹಿತ್ತಲ ಗೋಡೆಯಾಚೆ ಬಾಗಿ ನಿಂತಿರುತ್ತದೆ. ಆ ಕೊಳವೆಯ ಬಾಯಿಗೆ ಪ್ಲಾಸ್ಟಿಕ್ ಚೀಲವೊಂದನ್ನು ರಬ್ಬರಿನಿಂದ ಕಟ್ಟಿದೆ. ಬೆಳಗಾಗುವಷ್ಟರಲ್ಲಿ ಚೀಲದಲ್ಲಿ ಒಂದು ಲೋಟದಷ್ಟು ಕಪ್ಪುನೀರು ನಿಂತಿತ್ತು.

ಕಾರಣ ಸರಳವಾಗಿತ್ತು. ನೀರು ಕಾದಾಗ ಹಿಗ್ಗುತ್ತದೆ. ಹಿಗ್ಗಿದ ನೀರಿಗೆ ಜಾಗ ಕೊಡಲು ಬಾಯ್ಲರಿನೊಳಗೆ ರಬ್ಬರ್ ಪೊರೆಯೊಂದರ ಹಿಂದೆ ಗಾಳಿ ತುಂಬಿದ ಡಬ್ಬಿಯೊಂದಿರುತ್ತದೆ. ವರ್ಷಗಳು ಕಳೆದಂತೆ ಸೈಕಲ್ ಟ್ಯೂಬಿನ ಗಾಳಿ ಇಳಿಯುವಂತೆ ಇದರ ಗಾಳಿಯೂ ಇಳಿಯುತ್ತದೆ, ಆಗ ಹಿಗ್ಗಿದ ನೀರು ಹೋಗಲು ಎಡೆಯಿಲ್ಲದೆ ವಾಲ್ವನ್ನು ತಳ್ಳಿ ಹೊರಬೀಳುತ್ತದೆ, ತಣಿದ ಮೇಲೆ ಮುಳ್ಳು ಕೆಳಗಿಳಿಯುತ್ತದೆ. ಇನ್ನೊಬ್ಬ ತಂತ್ರಜ್ಞರನ್ನು ಕರೆಸಿ, ಚೀಲವನ್ನು ತೋರಿಸಿ, ಡಬ್ಬಿಗೆ ಗಾಳಿ ತುಂಬಿಸಿ ವಾಲ್ವನ್ನು ಬದಲಿಸಿದೆವು. ಒಟ್ಟು ಖರ್ಚು 140 ಪೌಂಡ್. ಆ ದಿನವೇ ಒಂದು ನೋಟ್‌ಪುಸ್ತಕ ತಂದು, ಬಾಯ್ಲರಿಗೆ ಏನೇ ಆದರೂ ದಿನಾಂಕ, ಲಕ್ಷಣ, ದುರಸ್ತಿಯಾದ ಭಾಗ, ಕೊಟ್ಟ ಹಣ ಎಲ್ಲವನ್ನೂ ಬರೆಯತೊಡಗಿದೆ.

ಎರಡನೆಯದರ ಬಗ್ಗೆ ಹೆಚ್ಚು ಹೇಳುವುದಿಲ್ಲ. 2018ರಲ್ಲಿ ಸ್ನಾನದ ನೀರು ಒಮ್ಮೆ ಸುಡುವಂತೆ, ಒಮ್ಮೆ ತಣ್ಣಗೆ ಬರತೊಡಗಿತು, ಒಳಗೆ ನೀರು ಕುದಿಯುವ ಸದ್ದೂ ಕೇಳುತ್ತಿತ್ತು. ಸುಣ್ಣಕಲ್ಲಿನ ನೆಲದಿಂದ ಬರುವ ನಮ್ಮೂರಿನ ನೀರು ಬಹಳ ಗಡಸು. ನಲ್ಲಿ ನೀರನ್ನು ಕಾಯಿಸುವ ತಟ್ಟೆಗಳ ಜೋಡಣೆಯೊಳಗೆ ಸುಣ್ಣ ಕಟ್ಟಿತ್ತು. ಆ ಒಂದು ಭಾಗವನ್ನು 220 ಪೌಂಡಿಗೆ ಬದಲಿಸಿದ್ದಾಯಿತು. ಅದೇ ವರ್ಷ ಎರಡು ರೇಡಿಯೇಟರುಗಳು ಮೇಲ್ಭಾಗದಲ್ಲಿ ಬಿಸಿಯಿದ್ದು ಕೆಳಭಾಗದಲ್ಲಿ ತಣ್ಣಗಿದ್ದವು. ಮೇಲೆ ತಣ್ಣಗಿದ್ದರೆ ಗಾಳಿ, ಕೆಳಗೆ ತಣ್ಣಗಿದ್ದರೆ ಕೆಸರು ಎಂಬುದು ಇಲ್ಲಿನ ಎಲ್ಲ ಪ್ಲಂಬರುಗಳ ಬಾಯಲ್ಲೂ ಇರುವ ಲೆಕ್ಕ. ಅವನ್ನು ನಾನೇ ಕಳಚಿ ಹಿತ್ತಲಿಗೆ ಹೊತ್ತು ತಂದು ಕೊಳಾಯಿ ಹಿಡಿದು ತೊಳೆದೆ. ಹೊರಬಂದ ಕಬ್ಬಿಣದ ತುಕ್ಕಿನ ಕೆಸರು ಡಾಂಬರಿನಷ್ಟು ಕಪ್ಪಗಿತ್ತು. ಬಾಯ್ಲರಿಗೆ ಮರಳುವ ಕೊಳವೆಗೆ ಅಯಸ್ಕಾಂತದ ಸೋಸುಕವನ್ನೂ ಹಾಕಿಸಿದೆ. ಈ ಬಾರಿಯೂ ಹೊಸದನ್ನು ಕೊಳ್ಳಿ ಎಂಬ ಸಲಹೆ ಬಂದಿತ್ತು. ಆದರೆ ಕೆಸರಿದ್ದ ಕೊಳವೆಗಳಿಗೆ ಹೊಸ ಬಾಯ್ಲರ್ ಜೋಡಿಸಿದ್ದರೆ ಅದೇ ಕೆಸರು ಅದನ್ನೂ ತಿನ್ನುತ್ತಿತ್ತು.

ಹಳೆಯ ಬಾಯ್ಲರ್ ಗ್ಯಾಸ್ ಕುಡಿಯುತ್ತದೆ, ಹೊಸದು ತನ್ನ ಬೆಲೆಯನ್ನು ತಾನೇ ದುಡಿದುಕೊಡುತ್ತದೆ ಎಂಬ ಮಾತನ್ನು ಮಾರುವವರೆಲ್ಲ ಹೇಳುತ್ತಾರೆ. ಲೆಕ್ಕ ಹಾಕಿ ನೋಡಿದೆ. ಇಂಗ್ಲೆಂಡಿನಲ್ಲಿ 2005ರ ಏಪ್ರಿಲ್‌ನಿಂದ ಹೊಸದಾಗಿ ಹಾಕುವ ಗ್ಯಾಸ್ ಬಾಯ್ಲರುಗಳು ಕಂಡೆನ್ಸಿಂಗ್ ಬಗೆಯವಾಗಿರಬೇಕೆಂಬ ನಿಯಮ ಬಂದಿತು. ಎಂದರೆ, ಹೊಗೆಯಲ್ಲಿನ ಹಬೆಯನ್ನು ನೀರಾಗಿಸಿ, ಅದು ಬಿಟ್ಟುಕೊಡುವ ಶಾಖವನ್ನೂ ಹಿಡಿದುಕೊಳ್ಳುವಂಥವು. ನಮ್ಮದು ಅದಕ್ಕೆ ಒಂದು ವರ್ಷ ಹಿಂದಿನದು. ಅದರ ದಕ್ಷತೆಯನ್ನು ನೂರಕ್ಕೆ 78 ಎಂದೂ, ಹೊಸದರದ್ದನ್ನು 90 ಎಂದೂ ಹಿಡಿದೆ. ನಮ್ಮ ಮನೆ ವರ್ಷಕ್ಕೆ ಸುಮಾರು 12,000 ಯೂನಿಟ್ (ಒಂದು ಯೂನಿಟ್ ಎಂದರೆ ಒಂದು ಕಿಲೋವ್ಯಾಟ್-ಗಂಟೆ) ಗ್ಯಾಸ್ ಬಳಸುತ್ತಿತ್ತು. ಹೊಸದಾದರೆ ಅದು 10,400ಕ್ಕೆ ಇಳಿಯಬೇಕು. ಉಳಿತಾಯ 1,600 ಯೂನಿಟ್. 2021ರ ಕೊನೆಯಲ್ಲಿ ಯೂನಿಟ್‌ಗೆ ಸುಮಾರು 4 ಪೆನ್ಸ್ ಇದ್ದಾಗ ಇದರ ಬೆಲೆ ವರ್ಷಕ್ಕೆ 65 ಪೌಂಡ್, ಎಂದರೆ 2,600 ಪೌಂಡಿನ ಬಾಯ್ಲರ್ ತನ್ನ ಬೆಲೆಯನ್ನು ಮರಳಿಸಲು ನಲವತ್ತು ವರ್ಷ. 2022ರ ಅಕ್ಟೋಬರಿನಲ್ಲಿ ದರ 10.3 ಪೆನ್ಸ್ ಆದಾಗಲೂ ಹದಿನಾರು ವರ್ಷ. ಗ್ಯಾಸಿನ ಉಳಿತಾಯವೊಂದನ್ನೇ ನಂಬಿ ಕೆಲಸಮಾಡುವ ಬಾಯ್ಲರನ್ನು ಕಳಚುವುದು, ಕನಿಷ್ಠ ನಮ್ಮಂಥ ಸಣ್ಣ ಮನೆಗೆ, ಲೆಕ್ಕಕ್ಕೆ ಕೂಡುವ ಮಾತಲ್ಲ.

ಹಾಗಾದರೆ ಕೂಡುವುದು ಯಾವುದು? ನೋಟ್‌ಪುಸ್ತಕದಲ್ಲಿದ್ದದ್ದೆಲ್ಲ ಬಾಯ್ಲರಿನ ಸುತ್ತಲಿನ ಭಾಗಗಳು: ವಾಲ್ವ್, ತಟ್ಟೆಗಳು, 2020ರಲ್ಲಿ ಹೋದ ಫ್ಯಾನ್. ಅವು ಸವೆಯುತ್ತವೆ, ಬದಲಿಸಿದರೆ ಮುಗಿಯಿತು. ಆದರೆ ಫ್ಯಾನ್ ಹಾಕಲು ಬಂದವರು, ಈ ಮಾದರಿಯ ಎಲೆಕ್ಟ್ರಾನಿಕ್ ಬೋರ್ಡೂ, ಬೆಂಕಿಯ ಮೇಲೆ ಕೂತು ಅದರ ಶಾಖವನ್ನು ನೀರಿಗೆ ದಾಟಿಸುವ ಮುಖ್ಯ ಹೀಟ್ ಎಕ್ಸ್‌ಚೇಂಜರೂ ಈಗ ತಯಾರಾಗುತ್ತಿಲ್ಲ, ಹಳೆಯ ಯಂತ್ರಗಳಿಂದ ಬಿಚ್ಚಿದವು ಮಾತ್ರ ಸಿಗುತ್ತವೆ ಎಂದರು. ಆ ದಿನ ಪುಸ್ತಕದ ಕೊನೆಯ ಹಾಳೆಯಲ್ಲಿ ಈ ಎರಡು ಭಾಗಗಳ ಹೆಸರು ಬರೆದು ಕೆಳಗೆ ಗೆರೆ ಎಳೆದೆ. ಇವೆರಡರಲ್ಲಿ ಒಂದು ಕೆಟ್ಟ ದಿನ ಬಾಯ್ಲರಿನ ಕಥೆ ಮುಗಿಯಿತು, ಅಲ್ಲಿಯವರೆಗೆ ಅದನ್ನು ಮುಟ್ಟುವುದಿಲ್ಲ ಎಂಬುದು ನನ್ನ ನಿರ್ಧಾರ. ಆಗಲೇ ಹೊಸದಕ್ಕೆ ದರಪಟ್ಟಿ ತರಿಸಿ ಇಟ್ಟುಕೊಳ್ಳಬೇಕಿತ್ತು. ತರಿಸಲಿಲ್ಲ.

2022ರ ಅಕ್ಟೋಬರಿನಲ್ಲಿ ಗ್ಯಾಸ್ ದರ ಏರಿದಾಗ, ರೇಡಿಯೇಟರಿಗೆ ಹೋಗುವ ನೀರಿನ ಶಾಖವನ್ನು ತಗ್ಗಿಸಿ ಎಂದು ಇಲ್ಲಿ ಎಲ್ಲರೂ ಹೇಳುತ್ತಿದ್ದರು. ನಾನೂ 75 ಡಿಗ್ರಿಯಿಂದ 50ಕ್ಕೆ ತಗ್ಗಿಸಿದೆ. ಆ ಸಲಹೆ ಕಂಡೆನ್ಸಿಂಗ್ ಬಾಯ್ಲರುಗಳಿಗೆ ಮಾತ್ರ ಸಲ್ಲುತ್ತದೆ ಎಂಬುದು ನನಗೆ ಹೊಳೆಯಲೇ ಇಲ್ಲ. ಮರಳಿ ಬರುವ ನೀರು ಸುಮಾರು 55 ಡಿಗ್ರಿಗಿಂತ ತಣ್ಣಗಿದ್ದರೆ ಹೊಗೆಯ ಹಬೆ ಆಮ್ಲೀಯ ನೀರಾಗಿ ಇಳಿಯುತ್ತದೆ. ಹೊಸ ಬಗೆಯವನ್ನು ಅದನ್ನು ತಾಳುವಂತೆ ಕಟ್ಟಿರುತ್ತಾರೆ, ಹಳೆಯವನ್ನು ಹಾಗಲ್ಲ. ಎಕ್ಸ್‌ಚೇಂಜರಿನ ಹದಿನೆಂಟು ವರ್ಷದ ತಾಮ್ರ ಮೊದಲೇ ಸವೆದಿದ್ದಿರಬೇಕು, ಆದರೂ ಅದನ್ನು ಕೊನೆಗೆ ತಳ್ಳಿದ್ದರಲ್ಲಿ ನನ್ನ ಕೈಯೂ ಇರಬಹುದು.

ನವೆಂಬರ್ ಕೊನೆಯಲ್ಲಿ ಮುಳ್ಳು ಮತ್ತೆ ಇಳಿಯತೊಡಗಿತು. ಹಿತ್ತಲ ಕೊಳವೆಗೆ ಚೀಲ ಕಟ್ಟಿದೆ, ಒಣಗಿಯೇ ಇತ್ತು. ರೇಡಿಯೇಟರುಗಳ ಕೆಳಗೆಲ್ಲೂ ತೇವವಿರಲಿಲ್ಲ. ರಾತ್ರಿ ಬಾಯ್ಲರ್ ತಣಿದ ಮೇಲೆ ಒತ್ತಡವನ್ನು 1.4ಕ್ಕೆ ಏರಿಸಿ, ರೇಡಿಯೇಟರುಗಳ ಕಡೆಗೆ ಹೋಗುವ ಮತ್ತು ಮರಳುವ ಎರಡೂ ಕೊಳವೆಗಳ ವಾಲ್ವುಗಳನ್ನು ಬಾಯ್ಲರಿನ ಬುಡದಲ್ಲೇ ಮುಚ್ಚಿ ಮಲಗಿದೆ. ಮುಚ್ಚಿದ ಮೇಲೂ ಮುಳ್ಳು ಇಳಿದರೆ ಸೋರಿಕೆ ಯಂತ್ರದೊಳಗಿದೆ, ನಿಂತರೆ ಮನೆಯ ಕೊಳವೆಗಳಲ್ಲಿದೆ. ಬೆಳಿಗ್ಗೆ ಅದು 0.7ರಲ್ಲಿತ್ತು.

ಮುಂದಿನದನ್ನು ನೋಡುವುದು ನನ್ನ ಕೆಲಸವಲ್ಲ. ಇಂಥ ಬಾಯ್ಲರಿನ ಹೊರಕವಚ ಬೆಂಕಿಯ ಕೋಣೆಯನ್ನು ಗಾಳಿಯಾಡದಂತೆ ಮುಚ್ಚುವ ಭಾಗವೂ ಹೌದು. ಅದನ್ನು ಬಿಚ್ಚುವುದು ಗ್ಯಾಸ್ ಸೇಫ್ ರಿಜಿಸ್ಟರಿನಲ್ಲಿ, ಎಂದರೆ ಗ್ಯಾಸ್ ಕೆಲಸಕ್ಕೆ ಅಧಿಕೃತ ಅನುಮತಿಯಿರುವವರ ಪಟ್ಟಿಯಲ್ಲಿ, ಹೆಸರಿರುವವರಿಗೆ ಬಿಟ್ಟದ್ದು. ಅವರು ಬಂದು ಬಿಚ್ಚಿದಾಗ ಕಂಡದ್ದು: ಎಕ್ಸ್‌ಚೇಂಜರಿನ ತಾಮ್ರದ ರೆಕ್ಕೆಗಳ ಒಂದು ಮೂಲೆಯಲ್ಲಿ ಹಸಿರು ಕಿಲುಬು, ಅದರ ಕೆಳಗೆ ಬರ್ನರ್ ಮೇಲೆ ತುಕ್ಕು, ಅಲ್ಲಿ ಮಾತ್ರ ನೀಲಿಯ ಬದಲು ಹಳದಿಯಾಗಿ ಉರಿಯುವ ಜ್ವಾಲೆ. ಹೊಗೆಯನ್ನು ಅಳೆದಾಗ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲ ಏರಿತ್ತು. ಮನೆಯೊಳಗಿನ ಅಲಾರಂ ಕೂಗಿರಲಿಲ್ಲ, ಏಕೆಂದರೆ ಹೊಗೆ ಇನ್ನೂ ಕೊಳವೆಯಲ್ಲೇ ಹೊರಹೋಗುತ್ತಿತ್ತು. ಅಪಾಯದ ಅಂಚಿನಲ್ಲಿದೆ ಎಂಬ ಚೀಟಿ ಅಂಟಿಸಿ, ನನ್ನ ಒಪ್ಪಿಗೆ ಪಡೆದು ಬಾಯ್ಲರನ್ನು ಆರಿಸಿದರು.

ಆಗ ಮನೆಯಲ್ಲಿ ಮೂರು ವಾರದ ಕೂಸು, ಬಾಣಂತನಕ್ಕೆ ಸಾಗರದಿಂದ ಬಂದಿದ್ದ ನಮ್ಮ ಅತ್ತೆಯವರು. ಬಾಣಂತಿಗೆ ನೀರೆರೆಯಲು ಎಷ್ಟು ಬಿಸಿನೀರು ಬೇಕೆಂಬುದನ್ನು ಕನ್ನಡಿಗರಿಗೆ ವಿವರಿಸಬೇಕಾಗಿಲ್ಲ. ಅವರು ಕಿಲುಬು ಹಿಡಿದ ಭಾಗವನ್ನು ಇಣುಕಿ ನೋಡಿ, "ತಾಮ್ರದ್ದೇ ಅಲ್ವಾ? ನಮ್ಮನೆ ಹಂಡೆ ತೂತಾದಾಗ ಬೆಸುಗೆ ಹಾಕಿಸಿ ಇಪ್ಪತ್ತು ವರ್ಷ ಕಾಯಿಸಿದ್ವಿ. ಇದಕ್ಕೂ ಹಾಕಿಸಿ ನೋಡಿ" ಎಂದರು. ಪ್ರಶ್ನೆ ನ್ಯಾಯವಾದದ್ದೇ. ಆದರೆ ಹಂಡೆಯ ತಾಮ್ರ ದಪ್ಪ, ಅದರ ನೀರಿಗೆ ಒತ್ತಡವಿಲ್ಲ. ಇಲ್ಲಿ ಕಾಗದದಂಥ ರೆಕ್ಕೆಗಳ ನಡುವಿನ ತೆಳುಕೊಳವೆಯೊಂದು ನೇರ ಜ್ವಾಲೆಯ ಮೇಲೆ ಒತ್ತಡದ ನೀರನ್ನು ಹೊತ್ತಿರುತ್ತದೆ. ಒಂದು ಕಡೆ ತೂತಾದರೆ ಉಳಿದ ಕಡೆಯೂ ಅಷ್ಟೇ ಸವೆದಿರುತ್ತದೆ. ಹಳೆಯದರಿಂದ ಬಿಚ್ಚಿದ ಎಕ್ಸ್‌ಚೇಂಜರ್ 300 ಪೌಂಡಿಗೆ ಸಿಗುತ್ತಿತ್ತು. ಅದೂ ಎಷ್ಟು ವರ್ಷ ಬೆಂಕಿ ಕಂಡಿದೆಯೋ ತಿಳಿಯದು.

ಮೂರು ದರಪಟ್ಟಿ ತರಿಸಿದೆ. ಒಬ್ಬರು 35 ಕಿಲೋವ್ಯಾಟ್, ಇನ್ನೊಬ್ಬರು 30, ಮತ್ತೊಬ್ಬರು 24 ಎಂದರು. ಹಿಂದಿನ ಚಳಿಗಾಲದಲ್ಲಿ ಹೊರಗೆ ಸೊನ್ನೆ ಡಿಗ್ರಿಯಿದ್ದ ಒಂದು ದಿನದ ಗ್ಯಾಸ್ ಮೀಟರಿನ ಲೆಕ್ಕ ನನ್ನ ಪುಸ್ತಕದಲ್ಲಿತ್ತು: 13 ಘನ ಮೀಟರ್. ಒಂದು ಘನ ಮೀಟರಿಗೆ ಸುಮಾರು 11 ಯೂನಿಟ್ ಹಿಡಿದು, ಇಪ್ಪತ್ತನಾಲ್ಕು ಗಂಟೆಗೆ ಭಾಗಿಸಿ, ಹಳೆಯ ಯಂತ್ರದ ನಷ್ಟ ಕಳೆದರೆ, ಮನೆಗೆ ಬೇಕಾದದ್ದು ಐದು ಕಿಲೋವ್ಯಾಟ್‌ಗೂ ಕಡಿಮೆ. ದೊಡ್ಡ ಸಂಖ್ಯೆಯೆಲ್ಲ ನಲ್ಲಿಯ ನೀರಿಗಾಗಿ ಮಾತ್ರ. 24 ಕಿಲೋವ್ಯಾಟ್ ಆದರೆ ನಿಮಿಷಕ್ಕೆ ಹತ್ತು ಲೀಟರಿನ ಹತ್ತಿರ ಬರುತ್ತದೆ, ಒಂದೇ ಬಚ್ಚಲುಮನೆಗೆ ಅದು ಸಾಕು. ಆದ್ದರಿಂದ ಯಂತ್ರ ಎಷ್ಟು ಮೇಲೇರುತ್ತದೆ ಎಂದು ಕೇಳದೆ, ಎಷ್ಟು ಕೆಳಗಿಳಿದು ಉರಿಯಬಲ್ಲದು ಎಂದು ಕೇಳಿದೆ. ಮೂವರಲ್ಲಿ ಒಬ್ಬರು ಮಾತ್ರ ಅದಕ್ಕೆ ಕೈಪಿಡಿ ತೆಗೆದು ನೋಡಿ ಉತ್ತರಿಸಿದರು. ಕೆಲಸ ಅವರಿಗೇ ಕೊಟ್ಟೆ.

ಹೊರಗಿನ ಗಾಳಿಯಲ್ಲಿರುವ ಶಾಖವನ್ನು ವಿದ್ಯುತ್ತಿನಿಂದ ಎಳೆದು ಮನೆ ಬೆಚ್ಚಗಿಡುವ ಹೀಟ್ ಪಂಪ್ ಹಾಕಿಸುವ ಯೋಚನೆಯೂ ನನಗಿತ್ತು. ಆಗ ಸರಕಾರ 5,000 ಪೌಂಡ್ ಸಹಾಯಧನ ಕೊಡುತ್ತಿತ್ತು. ಅದಕ್ಕೆ ನೀರಿನ ಸಿಲಿಂಡರಿಗೆ ಜಾಗ ಹುಡುಕಬೇಕು, ರೇಡಿಯೇಟರುಗಳನ್ನು ದೊಡ್ಡದಾಗಿಸಬೇಕು, ಸಮೀಕ್ಷೆಗೇ ವಾರಗಳು ಬೇಕು. ಹಿಮ ಬೀಳುವ ಡಿಸೆಂಬರಿನ ಎರಡನೇ ವಾರದಲ್ಲಿ, ಯೂನಿಟ್‌ಗೆ 34 ಪೆನ್ಸಿನ ವಿದ್ಯುತ್ತಿನ ಹೀಟರುಗಳನ್ನು ಕೋಣೆಕೋಣೆಗೆ ಉರುಳಿಸಿಕೊಂಡು, ದೊಡ್ಡ ಪಾತ್ರೆಗಳಲ್ಲಿ ಸ್ನಾನದ ನೀರು ಕಾಯಿಸುತ್ತಿದ್ದವನಿಗೆ ಆ ವ್ಯವಧಾನವಿರಲಿಲ್ಲ. 2020ರಲ್ಲಿ ಗೆರೆ ಎಳೆದ ದಿನವೇ ಹುಡುಕಾಟ ಶುರುಮಾಡಿದ್ದರೆ ಬೇಸಿಗೆಯಲ್ಲಿ ನಿಧಾನವಾಗಿ ಆರಿಸಬಹುದಿತ್ತು.

ಐದನೆಯ ದಿನ ಹೊಸ ಬಾಯ್ಲರ್ ಬಂತು. ಅದರಿಂದ ಇಳಿಯುವ ಆಮ್ಲೀಯ ನೀರಿನ ಸಣ್ಣ ಕೊಳವೆ ಹೊರಗಿದ್ದರೆ ಚಳಿಗೆ ಹೆಪ್ಪುಗಟ್ಟಿ ಯಂತ್ರ ನಿಲ್ಲುತ್ತದೆ. ಅದನ್ನು ಒಳಗಿನಿಂದಲೇ ಪಾತ್ರೆ ತೊಳೆಯುವ ಸಿಂಕಿನ ಕೊಳವೆಗೆ ಸೇರಿಸಿಸಿದೆ. ಉತ್ತರದ ಗೋಡೆಗೆ ಹೊರಗಿನ ಚಳಿಯನ್ನು ಅಳೆಯುವ ಸೆನ್ಸರ್ ಹಾಕಿಸಿ, ಈ ಬಾರಿ ಧೈರ್ಯವಾಗಿ ನೀರಿನ ಶಾಖವನ್ನು 50 ಡಿಗ್ರಿಗೆ ಇಳಿಸಿದೆ. ಗೋಡೆಯಾಚೆ ಬಿಳಿಯ ಹಬೆ ಏಳುವುದನ್ನು ಕಂಡ ಅತ್ತೆಯವರು, ಹೊಸದೂ ಹೊಗೆಯಾಡುತ್ತಿದೆಯಲ್ಲ ಎಂದು ಗಾಬರಿಯಾದರು. ಅದು ತಣ್ಣಗಾದ ಹಬೆ, ಹಾಗೆ ಕಂಡರೆ ಶಾಖವನ್ನು ಒಳಗೇ ಹಿಡಿದಿಟ್ಟುಕೊಂಡಿದೆ ಎಂದರ್ಥ ಎಂದು ಹೇಳಿದೆ. ಮುಂದಿನ ಒಂದು ವರ್ಷಕ್ಕೆ 9,900 ಯೂನಿಟ್ ಬಂತು, ನನ್ನ ಲೆಕ್ಕಕ್ಕಿಂತ ಐನೂರು ಕಡಿಮೆ. ಅದರಲ್ಲಿ ಯಂತ್ರದ ಪಾಲೆಷ್ಟು, ಆ ವರ್ಷದ ಹವೆಯ ಪಾಲೆಷ್ಟು ಎಂದು ಬೇರ್ಪಡಿಸಲು ಇನ್ನೂ ಒಂದೆರಡು ಚಳಿಗಾಲದ ಮೀಟರ್ ಲೆಕ್ಕಗಳು ಬೇಕು; ನೋಟ್‌ಪುಸ್ತಕ ಮುಂದುವರಿದಿದೆ.