ಹೊಸ ಸ್ಕೂಬಾ ಡೈವರ್‌ಗೆ ಒಳ್ಳೆಯ ಜೊತೆಗಾರರು ಸಿಗುವುದು ಹೇಗೆ

ಸ್ಕೂಬಾದ ಮೊದಲ ಹಂತವಾದ ಓಪನ್ ವಾಟರ್ ಕೋರ್ಸ್ ಮುಗಿಯುವವರೆಗೆ ಇನ್‌ಸ್ಟ್ರಕ್ಟರ್ ಪಕ್ಕದಲ್ಲೇ ಇರುತ್ತಾರೆ. ಅರ್ಹತೆಯ ಕಾರ್ಡ್ ಕೈಗೆ ಬಂದ ಮೇಲೆ ಆ ಜಾಗ ಖಾಲಿ. ಆ ಕಾರ್ಡ್ ಇರುವುದು ಜೊತೆಗಾರರೊಬ್ಬರೊಂದಿಗೆ, 18 ಮೀಟರ್ ಆಳದೊಳಗೆ, ನೀವು ಕಲಿತಂಥದ್ದೇ ನೀರಿನಲ್ಲಿ ಇಳಿಯುವುದಕ್ಕೆ. ಹೆಚ್ಚಿನ ಹೊಸಬರು ಆಗ ನೂರಾರು ಡೈವ್ ಮಾಡಿದವರ ಬೆನ್ನು ಹತ್ತುತ್ತಾರೆ. ಅನುಭವಸ್ಥರು ಸಿಕ್ಕರೆ ಒಳ್ಳೆಯದೇ, ಆದರೆ ನಿಮ್ಮ ವೇಗಕ್ಕೆ ತಗ್ಗಿ ಈಜುವ ತಾಳ್ಮೆ ಅವರಿಗಿಲ್ಲದಿದ್ದರೆ ಆ ಅನುಭವ ನಿಮ್ಮ ಕೆಲಸಕ್ಕೆ ಬರುವುದಿಲ್ಲ.

ಹುಡುಕಾಟವನ್ನು ನಿಮ್ಮ ಜೊತೆ ಕೋರ್ಸ್ ಮಾಡಿದವರಿಂದಲೇ ಶುರುಮಾಡಿ. ಒಂದೇ ಸನ್ನೆ, ಒಂದೇ ತಪಾಸಣೆಯ ಕ್ರಮ ಇಬ್ಬರಿಗೂ ಗೊತ್ತಿರುತ್ತದೆ. ಇಬ್ಬರೂ ಹೊಸಬರಾದ್ದರಿಂದ ಮೊದಲ ನಾಲ್ಕೈದು ಡೈವ್‌ಗೆ ಡೈವ್‌ಮಾಸ್ಟರ್ (ಜೊತೆಗೆ ಇಳಿಯುವ ತರಬೇತಾದ ಮಾರ್ಗದರ್ಶಿ) ಒಬ್ಬರನ್ನು ಗೊತ್ತುಮಾಡಿಕೊಳ್ಳಿ. ಹಣ ತುಸು ಹೆಚ್ಚಾದರೂ ಉಳಿತಾಯ ಮಾಡಬೇಕಾದ ಜಾಗ ಇದಲ್ಲ. ಕ್ಲಬ್ ಇದ್ದರೆ ಅವರ ಈಜುಕೊಳದ ಅಭ್ಯಾಸಕ್ಕೆ ಹೋಗಿ. ಯಾರು ನಿಧಾನವಾಗಿ ಉಸಿರಾಡುತ್ತಾರೆ, ಯಾರು ತಿರುಗಿ ನೋಡುತ್ತಾರೆ ಎಂಬುದು ಅಲ್ಲೇ ಕಾಣುತ್ತದೆ. ಮುಂದಿನ ಹಂತದ ಅಡ್ವಾನ್ಸ್‌ಡ್ ಕೋರ್ಸ್‌ನಲ್ಲಿ ಸಾಮಾನ್ಯವಾಗಿ ಐದು ಡೈವ್ ಒಂದೇ ಗುಂಪಿನೊಂದಿಗೆ ಆಗುವುದರಿಂದ ಪರಿಚಯ ಗಟ್ಟಿಯಾಗುತ್ತದೆ. ನೀರಡಿಯ ಕಸ ತೆಗೆಯುವ ಡೈವ್‌ಗಳಲ್ಲೂ ಜನ ಸಿಗುತ್ತಾರೆ, ಆದರೆ ತೇಲುವಿಕೆಯ ಮೇಲೆ ಹಿಡಿತ ಬಂದ ಮೇಲೆ ಹೋಗಿ. ಕೈಯಲ್ಲಿ ಚೀಲ ಹಿಡಿದು ತೇಲಾಡುವುದು ಹೊಸಬರಿಗೆ ಕಷ್ಟ.

ಜೊತೆ ಕೇಳುವಾಗ ‘ಯಾರಾದರೂ ಬರುತ್ತೀರಾ’ ಎಂದಷ್ಟೇ ಬರೆದರೆ ಯಾರೂ ಬರುವುದಿಲ್ಲ, ಅಥವಾ ಬರಬಾರದವರು ಬರುತ್ತಾರೆ. ಹೀಗೆ ಬರೆಯಿರಿ: ‘ಓಪನ್ ವಾಟರ್, ಒಟ್ಟು 6 ಡೈವ್, ಕೊನೆಯದು ಎರಡು ತಿಂಗಳ ಹಿಂದೆ. 12 ಮೀಟರ್ ಒಳಗೆ, ಸೆಳೆತ ಕಡಿಮೆ ಇರುವ ಜಾಗ ಬೇಕು. ಗಾಳಿ ಬೇಗ ಮುಗಿಯುತ್ತದೆ.’ ಕೊನೆಯ ವಾಕ್ಯಕ್ಕೆ ನಾಚಿಕೊಳ್ಳಬೇಡಿ. ಅದನ್ನು ಓದಿ ಹಿಂದೆ ಸರಿಯುವವರು ನೀರಿನೊಳಗೆ ಮುಖ ಗಂಟಿಕ್ಕುವವರೇ. ಕೊನೆಯ ಡೈವ್ ಆಗಿ ಆರು ತಿಂಗಳು ದಾಟಿದ್ದರೆ ಮೊದಲು ಕಲಿತದ್ದನ್ನು ಮತ್ತೆ ಅಭ್ಯಾಸ ಮಾಡಿಸುವ ರಿಫ್ರೆಶರ್ ಮುಗಿಸಿ.

ನಿಮ್ಮ ಗಾಳಿಯ ಲೆಕ್ಕ ನಿಮಗೇ ಗೊತ್ತಿರಲಿ. 12 ಲೀಟರ್ ಸಿಲಿಂಡರ್‌ನಲ್ಲಿ, 10 ಮೀಟರ್ ಆಳದಲ್ಲಿ, 10 ನಿಮಿಷಕ್ಕೆ 40 ಬಾರ್ (ಬಾರ್ ಎಂದರೆ ಒತ್ತಡದ ಅಳತೆ) ಖರ್ಚಾಯಿತು ಎನ್ನೋಣ. 480 ಲೀಟರ್ ಆಯಿತು, ನಿಮಿಷಕ್ಕೆ 48. ಆ ಆಳದ ಒತ್ತಡ 2 ಬಾರ್ ಆದ್ದರಿಂದ ಮೇಲ್ಮೈ ಲೆಕ್ಕದಲ್ಲಿ ನಿಮಿಷಕ್ಕೆ 24 ಲೀಟರ್. ಜೊತೆಗಾರರದ್ದು 14 ಇದ್ದರೆ ಡೈವ್ ಮುಗಿಯುವುದು ಸಿಲಿಂಡರ್‌ನಲ್ಲಿ ಉಳಿದ ಒತ್ತಡ ತೋರಿಸುವ ನಿಮ್ಮ ಗೇಜ್ ನೋಡಿ. ಇದನ್ನು ದೋಣಿಯಲ್ಲೇ ಹೇಳಿಬಿಡಿ. ಇನ್ನೊಂದು ಲೆಕ್ಕ: 18 ಮೀಟರ್‌ನಲ್ಲಿ ಒಬ್ಬರ ಗಾಳಿ ನಿಂತು, ಗಾಬರಿಯಲ್ಲಿ ನಿಮಿಷಕ್ಕೆ ತಲಾ 30 ಲೀಟರ್‌ನಂತೆ ಇಬ್ಬರೂ ಒಂದೇ 12 ಲೀಟರ್ ಸಿಲಿಂಡರ್‌ನಿಂದ ಉಸಿರಾಡಿದರೆ, ಅಲ್ಲಿ ಒಂದು ನಿಮಿಷ, ಮೇಲೇರಲು ಎರಡು ನಿಮಿಷ, 5 ಮೀಟರ್‌ನಲ್ಲಿ ಮೂರು ನಿಮಿಷದ ಸುರಕ್ಷತಾ ನಿಲುಗಡೆ ಸೇರಿ ಸುಮಾರು 55 ಬಾರ್ ಬೇಕು. ಆ ಆಳದಲ್ಲಿ 50 ಬಾರ್‌ವರೆಗೆ ಕಾಯೋಣ ಎನ್ನುವವರಿಗೆ ಈ ಲೆಕ್ಕ ತೋರಿಸಿ.

ದೋಣಿಯಲ್ಲಿ ಅಪರಿಚಿತರೊಂದಿಗೆ ಜೋಡಿ ಮಾಡಿದರೆ ಐದು ನಿಮಿಷ ಕೇಳಿ ಪಡೆಯಿರಿ. ಕೊನೆಯ ಡೈವ್ ಯಾವಾಗ? ಮುಂದೆ ಯಾರು, ಯಾವ ಬದಿಗೆ ಇನ್ನೊಬ್ಬರು? ಗರಿಷ್ಠ ಆಳ, ತಿರುಗುವ ಒತ್ತಡ (ಗೇಜ್ ಎಷ್ಟು ತೋರಿಸಿದಾಗ ವಾಪಸಾಗಬೇಕು) ಎಷ್ಟು? 100 ಮತ್ತು 50 ಬಾರ್‌ಗೆ ಯಾವ ಸನ್ನೆ? ಸನ್ನೆಗಳು ಕಲಿಸಿದವರಿಗೆ ತಕ್ಕಂತೆ ಬದಲಾಗುತ್ತವೆ, ಆದ್ದರಿಂದ ಮಾಡಿ ತೋರಿಸಿ. ಕ್ಯಾಮೆರಾ ಇದೆಯೇ ಎಂದೂ ಕೇಳಿ. ಒಂದೇ ಮೀನಿನ ಮುಂದೆ ಹತ್ತು ನಿಮಿಷ ಕೂರುವ ಫೋಟೋಗ್ರಾಫರ್ ಹೊಸಬರಿಗೆ ಜೊತೆಯಲ್ಲ.

ತಪಾಸಣೆಯಲ್ಲಿ ಜೊತೆಗಾರರ ಉಪಕರಣವನ್ನು ಮುಟ್ಟಿ ನೋಡಿ. ಬಿಸಿಡಿಗೆ (ತೇಲುವಿಕೆ ಹೊಂದಿಸುವ ಜಾಕೆಟ್) ಗಾಳಿ ತುಂಬುತ್ತದೆಯೇ, ಹೊರಹೋಗುತ್ತದೆಯೇ, ತೂಕ ಬೆಲ್ಟ್‌ನಲ್ಲಿದೆಯೋ ಜೇಬಿನಲ್ಲೋ, ಯಾವ ಕಡೆ ಎಳೆದರೆ ಬಿಡುತ್ತದೆ, ಬಕಲ್‌ಗಳು ಬಿಗಿಯೇ. ಆಮೇಲೆ ಗೇಜ್ ನೋಡುತ್ತ ಉಸಿರಾಡುವ ಸಾಧನವಾದ ರೆಗ್ಯುಲೇಟರ್‌ನಿಂದ ಮೂರು ನಾಲ್ಕು ಬಾರಿ ಉಸಿರೆಳೆಯಲು ಹೇಳಿ. ಪ್ರತಿ ಉಸಿರಿಗೂ ಮುಳ್ಳು ಕುಸಿದು ಮತ್ತೆ ಏರಿದರೆ ವಾಲ್ವ್ ಪೂರ್ತಿ ತೆರೆದಿಲ್ಲ. ಮೇಲೆ ಸರಿಯಾಗಿಯೇ ಅನ್ನಿಸುವ ಈ ದೋಷ ಆಳದಲ್ಲಿ ಉಸಿರು ಕಟ್ಟಿಸುತ್ತದೆ. ತುರ್ತಿನಲ್ಲಿ ಅವರು ಹಳದಿ ಆಕ್ಟೋಪಸ್ (ಉಸಿರಾಟದ ಹೆಚ್ಚುವರಿ ಬಾಯಿತುಂಡು) ಕೊಡುತ್ತಾರೋ, ಬಾಯಲ್ಲಿರುವುದನ್ನೇ ಕೊಡುತ್ತಾರೋ ಎಂಬುದನ್ನೂ ಕೇಳಿಟ್ಟುಕೊಳ್ಳಿ.

ಮೊದಲ ಡೈವ್ ಬೇಕೆಂದೇ ಸಪ್ಪೆಯಾಗಿರಲಿ: 10–12 ಮೀಟರ್, ತಿಳಿ ನೀರು. ಕಿವಿಯ ಒತ್ತಡ ನಿಧಾನವಾಗಿ ಸಮವಾಗುವವರ ವೇಗಕ್ಕೆ ಇಬ್ಬರೂ ಇಳಿಯಿರಿ. ಎರಡು ಫಿನ್ ಒದೆತಕ್ಕೆ ಕೈಗೆ ಸಿಗುವಷ್ಟು ಹತ್ತಿರದಲ್ಲಿ, ಮುಂದೆ ಹಿಂದೆ ಹೋಗದೆ ಅಕ್ಕಪಕ್ಕ ಈಜಿ. ಹಿಂದಿರುವವರಿಗೆ ಗಾಳಿ ನಿಂತರೆ ಮುಂದಿರುವವರಿಗೆ ತಿಳಿಯುವುದೇ ಇಲ್ಲ. ಕಣ್ಮರೆಯಾದರೆ ಒಂದು ನಿಮಿಷ ಸುತ್ತ ನೋಡಿ, ಆಮೇಲೆ ನಿಮಿಷಕ್ಕೆ 9 ಮೀಟರ್ ಮೀರದಂತೆ ಮೇಲೆ ಬನ್ನಿ. ಇನ್ನೊಬ್ಬರೂ ಹಾಗೇ ಮಾಡುತ್ತಾರೆಂದು ಮೊದಲೇ ಒಪ್ಪಿಕೊಂಡಿದ್ದರಷ್ಟೇ ಇದು ಫಲಿಸುತ್ತದೆ.

‘ನಾನಿದ್ದೇನಲ್ಲ, 25 ಮೀಟರ್‌ಗೆ ಹೋಗೋಣ’ ಎನ್ನುವವರು, ತಪಾಸಣೆಗೆ ನಗುವವರು, ಗೇಜ್ ಕೇಳಿದರೆ ಉತ್ತರಿಸದವರು ಬೇಡ. ಯಾವ ಹಂತದಲ್ಲಾದರೂ, ಕಾರಣ ಹೇಳದೆಯೇ ಡೈವ್ ನಿಲ್ಲಿಸುವ ಹಕ್ಕು ಇಬ್ಬರಿಗೂ ಇದೆ.

ಮೇಲೆ ಬಂದ ಮೇಲೆ ಉಳಿದ ಒತ್ತಡ, ಬಳಸಿದ ತೂಕ, ಎಲ್ಲಿ ದೂರವಾದಿರಿ ಎಂಬುದನ್ನು ಲಾಗ್‌ಬುಕ್‌ನಲ್ಲಿ ಬರೆದು ಪರಸ್ಪರ ಸಹಿ ಹಾಕಿಸಿಕೊಳ್ಳಿ. ಜೋಡಿ ಹೊಂದಿತು ಅನ್ನಿಸಿದರೆ ಉಪಕರಣ ತೊಳೆಯುವಾಗಲೇ ಮುಂದಿನ ಡೈವ್‌ನ ದಿನ ಗೊತ್ತುಮಾಡಿಬಿಡಿ.