ಡ್ರಮ್ಮು ಬೆನ್ನಟ್ಟಿದೆ, ಓಡು! ಉರುಳುವ ಶತ್ರುವನ್ನು ಗೇಮಿನಲ್ಲಿ ಕಟ್ಟುವುದು ಹೀಗೆ

ಮುಂಬಯಿಯ ಚಾಳಿನಲ್ಲಿ ಬೆಳೆದವರಿಗೆ ನೀಲಿ ಡ್ರಮ್ಮಿನ ಪರಿಚಯ ಹೇಳಬೇಕಾಗಿಲ್ಲ. ನಳದಲ್ಲಿ ನೀರು ಬರುವುದು ದಿನಕ್ಕೆ ಕೆಲವೇ ಗಂಟೆ. ಹಿಡಿದಿಡಲು ಖೋಲಿಯ ಬಾಗಿಲ ಪಕ್ಕ ಒಂದು ಪ್ಲಾಸ್ಟಿಕ್ ಡ್ರಮ್ಮು, ಅದರ ಮುಚ್ಚಳದ ಮೇಲೆ ಬಿಳಿ ಪೇಂಟಿನಲ್ಲಿ ಖೋಲಿ ನಂಬರು. ರಜೆಯಲ್ಲಿ ಗೇಮ್ ಮಾಡುವುದನ್ನು ಕಲಿಯಲು ಬರುವ ನಮ್ಮ ಕನ್ನಡದ ಮಕ್ಕಳಿಗೆ ನಾನು ಮೊದಲು ಮಾಡಿಸುವ ಶತ್ರು ಇದೇ: ಅಡ್ಡ ಬಿದ್ದು, ಗಡಗಡ ಸದ್ದು ಮಾಡುತ್ತ, ಹುಡುಗನ ಹಿಂದೆಯೇ ಉರುಳಿ ಬರುವ ಡ್ರಮ್ಮು.

ಹುಡುಗ ಯಾರು? ಉಡುಪಿ ಹೋಟೆಲಿನವನು. ತಂತಿಯ ಸ್ಟ್ಯಾಂಡಿನಲ್ಲಿ ಕಟಿಂಗ್ ಚಾದ ಗ್ಲಾಸುಗಳನ್ನು ಹಿಡಿದು ಮೂರನೇ ಮಾಳಿಗೆಗೆ ಮುಟ್ಟಿಸಬೇಕು. ಜಾಗಕ್ಕೆ ವರಳಿ, ನಾಯಗಾಂವ್ ಕಡೆಯ ಬಿಡಿಡಿ (ಬಾಂಬೆ ಡೆವಲಪ್‌ಮೆಂಟ್ ಡಿಪಾರ್ಟ್‌ಮೆಂಟ್) ಚಾಳುಗಳನ್ನು ನೆನಪಿಸಿಕೊಳ್ಳಿ. 1920ರ ದಶಕದಲ್ಲಿ ಕಟ್ಟಿದ, ನೆಲ ಅಂತಸ್ತಿನ ಮೇಲೆ ಮೂರು ಮಾಳಿಗೆಯ ಕಟ್ಟಡಗಳು. ನಡುವೆ ಉದ್ದನೆಯ ಓಣಿ, ಎರಡೂ ಕಡೆ ಖೋಲಿಗಳು. ಅಂಥ ಓಣಿಯಲ್ಲಿ ಡ್ರಮ್ಮು ಬೆನ್ನು ಹತ್ತಿದರೆ ಪಕ್ಕಕ್ಕೆ ಸರಿಯಲು ಜಾಗವಿಲ್ಲ. ಹಾರಬೇಕು, ಇಲ್ಲವೇ ಮೆಟ್ಟಿಲು ಸೇರಬೇಕು.

ಸಲಕರಣೆ

ಗೋಡೋ ಎಂಬ ಗೇಮ್ ಎಂಜಿನ್ ಸಾಕು. ಅರ್ಜೆಂಟೀನಾದ ಹುವಾನ್ ಲಿನಿಯೆಟ್‌ಸ್ಕಿ ಮತ್ತು ಏರಿಯಲ್ ಮಾನ್‌ಜುರ್ ಶುರು ಮಾಡಿದ್ದು, 2014ರಿಂದ ಮುಕ್ತ ತಂತ್ರಾಂಶ. ದುಡ್ಡು ಕೊಡಬೇಕಿಲ್ಲ. ಲ್ಯಾಮಿಂಗ್ಟನ್ ರೋಡಿನಲ್ಲಿ ಕೊಂಡ ಸೆಕೆಂಡ್‌ಹ್ಯಾಂಡ್ ಲ್ಯಾಪ್‌ಟಾಪಾದರೆ ಹೊಸ ಪ್ರಾಜೆಕ್ಟ್ ತೆರೆಯುವಾಗ ‘ಕಂಪ್ಯಾಟಿಬಿಲಿಟಿ’ ರೆಂಡರರ್ (ಪರದೆಗೆ ಚಿತ್ರ ಬಿಡಿಸುವ ಭಾಗ) ಆರಿಸಿ. ಹಳೆಯ ಗ್ರಾಫಿಕ್ಸ್ ಚಿಪ್ಪಿಗೆ ಅದೇ ಹಗುರ. ಇಲ್ಲಿ ಹೇಳುವುದೆಲ್ಲ 2023ರಲ್ಲಿ ಬಂದ 4ನೇ ಆವೃತ್ತಿಗೆ. 3ನೇ ಆವೃತ್ತಿಯ ಹಳೆಯ ವಿಡಿಯೊ ಪಾಠಗಳನ್ನು ಇದರ ಜೊತೆ ಬೆರೆಸಿದರೆ, ಗೇಮನ್ನು ಕಟ್ಟುವ ಬಿಡಿಭಾಗಗಳಾದ ನೋಡ್‌ಗಳ ಹೆಸರೇ ಹೊಂದುವುದಿಲ್ಲ.

ಹುಡುಗನಿಗೆ ಹೊಸದಾಗಿ ಏನೂ ಬರೆಯಬೇಡಿ. ಕ್ಯಾರೆಕ್ಟರ್‌ಬಾಡಿ ಟೂಡಿ (ಕೋಡಿನಿಂದ ನಡೆಸುವ ಪಾತ್ರದ ಮೈ) ನೋಡ್‌ಗೆ ಸ್ಕ್ರಿಪ್ಟ್ ಸೇರಿಸುವಾಗ ಗೋಡೋ ತಾನೇ ಒಂದು ಮಾದರಿ ಕೊಡುತ್ತದೆ: ಓಟ ಸೆಕೆಂಡಿಗೆ 300 ಪಿಕ್ಸೆಲ್, ನೆಗೆತದ ವೇಗ 400. ಗುರುತ್ವ 980 ಎಂದು ಮೊದಲೇ ಇರುತ್ತದೆ. ಲೆಕ್ಕ ಹಾಕಿ ನೋಡಿದರೆ ಹುಡುಗ ಸುಮಾರು 82 ಪಿಕ್ಸೆಲ್ ಎತ್ತರ ಹಾರುತ್ತಾನೆ, ಗಾಳಿಯಲ್ಲಿ 0.8 ಸೆಕೆಂಡ್ ಇರುತ್ತಾನೆ. 32 ಪಿಕ್ಸೆಲ್ ಎತ್ತರದ ಡ್ರಮ್ಮನ್ನು ದಾಟಲು ಇಷ್ಟು ಧಾರಾಳವಾಯಿತು.

ಡ್ರಮ್ಮಿನ ಮೈ

ಹೊಸ ಸೀನ್ (ನೋಡ್‌ಗಳ ಒಂದು ಗುಂಪು) ತೆರೆದು ಮೂಲದಲ್ಲಿ ಮತ್ತೊಂದು ಕ್ಯಾರೆಕ್ಟರ್‌ಬಾಡಿ ಇಡಿ. ಅದರ ಕೆಳಗೆ ಚಿತ್ರಕ್ಕೆ ಸ್ಪ್ರೈಟ್, 16 ಪಿಕ್ಸೆಲ್ ತ್ರಿಜ್ಯದ ವೃತ್ತಾಕಾರದ ಕೊಲಿಷನ್‌ಶೇಪ್ (ಡಿಕ್ಕಿಯ ಗಡಿ), ನೋಟಕ್ಕೊಂದು ರೇಕಾಸ್ಟ್ (ದಾರಿಯಲ್ಲಿ ಏನು ಅಡ್ಡ ಇದೆ ಎಂದು ಹೇಳುವ ಕಾಣದ ಗೆರೆ), ಎರಡು ಏರಿಯಾ. ಏರಿಯಾಗಳಲ್ಲಿ ಒಂದು ದೊಡ್ಡದು, ಹುಡುಗ ಹತ್ತಿರ ಬಂದನೆಂದು ತಿಳಿಯಲು. ಇನ್ನೊಂದು 13 ಪಿಕ್ಸೆಲ್ ತ್ರಿಜ್ಯದ್ದು, ತಾಗಿತೋ ಇಲ್ಲವೋ ನೋಡಲು. ತಾಗುವ ವೃತ್ತ ಚಿತ್ರಕ್ಕಿಂತ ಚಿಕ್ಕದೇ ಇರಲಿ. ಕೂದಲೆಳೆಯಲ್ಲಿ ಪಾರಾದೆ ಎಂದುಕೊಂಡವನನ್ನು ಕೊಂದರೆ ಆಟಗಾರ ಗೇಮನ್ನೇ ಬಯ್ಯುತ್ತಾನೆ.

ಉರುಳುವ ವಸ್ತು ತಾನೆ, ರಿಜಿಡ್‌ಬಾಡಿ ಹಾಕಿದರೆ ಎಂಜಿನ್ನೇ ಉರುಳಿಸುತ್ತದಲ್ಲ ಎಂದು ಕೇಳುವವರಿದ್ದಾರೆ. ಉರುಳಿಸುತ್ತದೆ, ನಿಜ. ಆದರೆ ಲಗಾಮು ನಿಮ್ಮ ಕೈಯಲ್ಲಿರುವುದಿಲ್ಲ. ಇಂದು ಆರು ಟೈಲ್ (ನೆಲ ಜೋಡಿಸುವ 32 ಪಿಕ್ಸೆಲ್ ಚೌಕ) ಆಚೆ ನಿಂತದ್ದು ನಾಳೆ ಏಳು ಟೈಲ್ ಆಚೆ ನಿಂತೀತು. ಬೆನ್ನಟ್ಟುವ ಶತ್ರುವಿನ ಲೆಕ್ಕ ಆಟಗಾರನಿಗೆ ಬಾಯಿಪಾಠ ಆಗುವಂತಿರಬೇಕು.

ಉರುಳಿದಂತೆ ಕಾಣಲು

ಇಲ್ಲಿ ತಿರುಗಿಸಬೇಕಾದದ್ದು ಸ್ಪ್ರೈಟನ್ನು ಮಾತ್ರ. ಮೂಲದ ನೋಡನ್ನೇ ತಿರುಗಿಸಿದರೆ ರೇಕಾಸ್ಟ್ ಕೂಡ ಅದರೊಂದಿಗೆ ಸುತ್ತುತ್ತದೆ. ಓಣಿಯ ಕಡೆ ನೋಡಬೇಕಾದ ಡ್ರಮ್ಮು ಒಮ್ಮೆ ಛಾವಣಿ, ಒಮ್ಮೆ ನೆಲ ನೋಡುತ್ತ ಹೋಗುತ್ತದೆ.

ಎಷ್ಟು ತಿರುಗಿಸಬೇಕು? ಕ್ರಮಿಸಿದ ದೂರವನ್ನು ತ್ರಿಜ್ಯದಿಂದ ಭಾಗಿಸಿದರೆ ರೇಡಿಯನ್ನಿನಲ್ಲಿ ಕೋನ ಸಿಗುತ್ತದೆ, ಹನ್ನೊಂದನೇ ಕ್ಲಾಸಿನ ಗಣಿತ. ಅಂದರೆ ಪ್ರತಿ ಫ್ರೇಮಿನಲ್ಲಿ ಸ್ಪ್ರೈಟಿನ ರೊಟೇಷನ್‌ಗೆ ‘ವೆಲಾಸಿಟಿ ಎಕ್ಸ್ × ಡೆಲ್ಟಾ ÷ 16’ ಕೂಡಿಸಿ. ವೆಲಾಸಿಟಿ ಎಕ್ಸ್ ಎಂದರೆ ಎಡಬಲದ ವೇಗ, ಡೆಲ್ಟಾ ಎಂದರೆ ಒಂದು ಫ್ರೇಮಿಗೆ ಹಿಡಿಯುವ ಸಮಯ, 16 ತ್ರಿಜ್ಯ. ಬಲಕ್ಕೆ ಹೋದರೆ ಗಡಿಯಾರದ ದಿಕ್ಕಿಗೆ, ಎಡಕ್ಕೆ ಹೋದರೆ ಅದರ ವಿರುದ್ಧ ತಾನಾಗಿಯೇ ತಿರುಗುತ್ತದೆ. ಅಂದಾಜಿಗೆ ಯಾವುದೋ ಸಂಖ್ಯೆ ಹಾಕಿದರೆ ಮಂಜುಗಡ್ಡೆಯ ಮೇಲೆ ಜಾರಿದಂತೆ ಕಂಡು ಭಾರವೇ ಇಲ್ಲವಾಗುತ್ತದೆ.

ಲೆಕ್ಕ ಸರಿಯಿದ್ದೂ ಕಣ್ಣು ಮೋಸ ಹೋಗುವುದುಂಟು. ಎಂಟನೇ ಕ್ಲಾಸಿನ ಹುಡುಗನೊಬ್ಬ ಕರೆದ, “ಸರ್, ಇದು ಉರುಳ್ತಾ ಇಲ್ಲ, ಜಾರ್ತಾ ಇದೆ. ಸ್ವಲ್ಪ ಹಿಂದಕ್ಕೇ ತಿರುಗ್ತಿದೆ ನೋಡಿ.” ಕೋಡಿನಲ್ಲಿ ತಪ್ಪಿರಲಿಲ್ಲ. ಮುಚ್ಚಳದ ಮೇಲೆ ಅವನು ಅಚ್ಚುಕಟ್ಟಾಗಿ 16 ಗೆರೆ ಎಳೆದಿದ್ದ. ಎರಡು ಗೆರೆಗಳ ನಡುವೆ 22.5 ಡಿಗ್ರಿ. ಪೂರ್ಣ ವೇಗದಲ್ಲಿ ನಮ್ಮ ಡ್ರಮ್ಮು ಸೆಕೆಂಡಿಗೆ 360 ಪಿಕ್ಸೆಲ್, ಅಂದರೆ ಸೆಕೆಂಡಿಗೆ 60 ಫ್ರೇಮಿನ ಲೆಕ್ಕದಲ್ಲಿ ಒಂದು ಫ್ರೇಮಿಗೆ 6 ಪಿಕ್ಸೆಲ್ ಓಡುತ್ತದೆ. ಅಷ್ಟರಲ್ಲಿ ತಿರುಗುವುದು ಸುಮಾರು 21.5 ಡಿಗ್ರಿ. ಒಂದು ಗೆರೆ ಪಕ್ಕದ ಗೆರೆಯ ಜಾಗಕ್ಕೆ ಒಂದು ಡಿಗ್ರಿ ಮೊದಲೇ ಬಂದು ನಿಲ್ಲುವುದರಿಂದ ಕಣ್ಣಿಗೆ ಮೆಲ್ಲಗೆ ಹಿಂದಕ್ಕೆ ಸರಿದಂತೆ ಕಾಣುತ್ತದೆ. ಗೆರೆಗಳನ್ನೆಲ್ಲ ಅಳಿಸಿ, ಅಂಚಿನ ಹತ್ತಿರ ಒಂದೇ ಒಂದು ಖೋಲಿ ನಂಬರು ಬರೆಸಿದೆ. ಉರುಳತೊಡಗಿತು.

ಬೆನ್ನಟ್ಟುವ ಬಗೆ

ಉರುಳುವ ಅಪಾಯ ಹಳೆಯದೇ. 1981ರಲ್ಲಿ ನಿಂಟೆಂಡೊದ ಡಾಂಕಿ ಕಾಂಗ್ ಗೇಮಿನಲ್ಲಿ ಗೊರಿಲ್ಲಾ ಎಸೆಯುವ ಪೀಪಾಯಿಗಳು ಇಳಿಜಾರಿನಲ್ಲಿ ಉರುಳಿ ಬರುತ್ತಿದ್ದವು. ಕೆಲವು ನಡುವೆಯೇ ಏಣಿಗೆ ಇಳಿದು ಆಟಗಾರನ ಎಣಿಕೆ ತಪ್ಪಿಸುತ್ತಿದ್ದವು. ನಮ್ಮ ಡ್ರಮ್ಮು ಮಾತ್ರ ಹುಡುಗನನ್ನು ನೋಡುತ್ತದೆ, ಅವನ ಕಡೆಗೇ ತಿರುಗುತ್ತದೆ.

ಹೊಸಬರು ಎಡವುವುದು ಇಲ್ಲೇ. ಶತ್ರುವಿಗೆ ಬುದ್ಧಿ ಕೊಡಲು ಹೊರಡುತ್ತಾರೆ. 1980ರ ಪ್ಯಾಕ್‌ಮನ್‌ನಲ್ಲಿ ಕೆಂಪು ದೆವ್ವ ನೇರವಾಗಿ ಬೆನ್ನು ಹತ್ತಿದರೆ ಗುಲಾಬಿ ದೆವ್ವ ಪ್ಯಾಕ್‌ಮನ್‌ಗಿಂತ ನಾಲ್ಕು ಮನೆ ಮುಂದಿನ ಜಾಗಕ್ಕೆ ಗುರಿ ಇಡುತ್ತಿತ್ತು. ಜಾಣತನವೇ, ಆದರೆ ಆ ಆಟದಲ್ಲಿ ನಾಲ್ಕೂ ಕಡೆ ಓಡಲು ಓಣಿಗಳಿದ್ದವು. ಚಾಳಿನ ಒಂದೇ ಓಣಿಯಲ್ಲಿ ಅಷ್ಟು ಬುದ್ಧಿ ಕೊಟ್ಟರೆ ಹುಡುಗನಿಗೆ ದಾರಿಯೇ ಉಳಿಯುವುದಿಲ್ಲ. ಡ್ರಮ್ಮಿಗೆ ಬುದ್ಧಿ ಬೇಡ, ಭಾರ ಕೊಡಿ. ಹುಡುಗನಿಗಿಂತ ವೇಗವಾಗಿ ಓಡಲಿ, ಆದರೆ ಬೇಗ ತಿರುಗಲು ಆಗದಿರಲಿ.

ಮಾಡುವ ರೀತಿ ಸರಳ. ಹುಡುಗನ ಎಕ್ಸ್‌ನಿಂದ ಡ್ರಮ್ಮಿನ ಎಕ್ಸ್ ಕಳೆಯಿರಿ. ಉತ್ತರ ಧನವಾದರೆ ದಿಕ್ಕು 1, ಋಣವಾದರೆ ಮೈನಸ್ 1. ಡ್ರಮ್ಮಿನ ವೇಗವನ್ನು ‘ದಿಕ್ಕು × 360’ಕ್ಕೆ ಒಮ್ಮೆಲೇ ಏರಿಸಬೇಡಿ. ಮೂವ್ ಟುವರ್ಡ್ ಫಂಕ್ಷನ್ ಬಳಸಿ ಫ್ರೇಮಿಗೆ ‘240 × ಡೆಲ್ಟಾ’ದಷ್ಟು ಮಾತ್ರ ಅತ್ತ ಸರಿಸಿ. ಪೂರ್ಣ ವೇಗದಲ್ಲಿರುವಾಗ ಹುಡುಗ ತಲೆಯ ಮೇಲಿಂದ ಹಾರಿ ಹಿಂದೆ ಇಳಿದನೆನ್ನಿ. ಡ್ರಮ್ಮು ನಿಲ್ಲಲು ಒಂದೂವರೆ ಸೆಕೆಂಡ್ ಬೇಕು, ಅಷ್ಟರಲ್ಲಿ 270 ಪಿಕ್ಸೆಲ್, ಎಂಟು ಟೈಲಿಗೂ ಮಿಕ್ಕಿ, ಮುಂದೆ ಹೋಗಿರುತ್ತದೆ. ಆಟದ ಮಜಾ ಪೂರ್ತಿ ಆ ಒಂದೂವರೆ ಸೆಕೆಂಡಿನಲ್ಲಿದೆ. 240ರ ಬದಲು 2,000 ಹಾಕಿ ಒಮ್ಮೆ ಆಡಿ ನೋಡಿ, ಇದು ಡ್ರಮ್ಮೋ ನೊಣವೋ ಎಂದು ಸಂಶಯ ಬರುತ್ತದೆ.

ಹುಡುಗ ಸರಿಯಾಗಿ ಮೇಲಿನ ಹಲಗೆಯಲ್ಲಿ ನಿಂತಾಗ ದಿಕ್ಕು ಕ್ಷಣಕ್ಕೊಮ್ಮೆ ಬದಲಾಗಿ ಡ್ರಮ್ಮು ನಡುಗಬಹುದು. ನಡುವಿನ ಅಂತರ 24 ಪಿಕ್ಸೆಲ್‌ಗಿಂತ ಕಡಿಮೆಯಿದ್ದರೆ ಹಳೆಯ ದಿಕ್ಕನ್ನೇ ಇಟ್ಟುಕೊಳ್ಳಲಿ. ಆಗ ಅವನ ಕಾಲ ಕೆಳಗೆ ಅತ್ತಿತ್ತ ಹೊಯ್ದಾಡುತ್ತ ಕಾಯುತ್ತದೆ. ಅದೇ ಹೆಚ್ಚು ಹೆದರಿಸುತ್ತದೆ.

ಎಚ್ಚರವಾಗುವುದು, ಗೋಡೆಗೆ ಬಡಿಯುವುದು

ದೊಡ್ಡ ಏರಿಯಾದೊಳಗೆ ಹುಡುಗ ಬಂದು, ಅವನತ್ತ ಚಾಚಿದ ರೇಕಾಸ್ಟ್‌ಗೆ ಗೋಡೆ ಅಡ್ಡ ಸಿಗದಿದ್ದರೆ ಮಾತ್ರ ಡ್ರಮ್ಮು ಎಚ್ಚರವಾಗಲಿ. ಎಚ್ಚರವಾದ ಕೂಡಲೇ ಹೊರಡಬಾರದು. ಅರ್ಧ ಸೆಕೆಂಡ್ ನಿಂತಲ್ಲೇ ಅದುರಲಿ.

ಗೋಡೆಗೆ ಬಡಿದಾಗ ಪುಟಿಯಬೇಕು. ಇಲ್ಲೊಂದು ಸಿಕ್ಕು ಇದೆ: ಡ್ರಮ್ಮನ್ನು ಸರಿಸುವ ಮೂವ್ ಅಂಡ್ ಸ್ಲೈಡ್ ಫಂಕ್ಷನ್ ಕರೆದು, ಗೋಡೆಗೆ ತಾಗಿತೇ ಎಂದು ನೋಡುವ ಹೊತ್ತಿಗೆ ಎಂಜಿನ್ ಅಡ್ಡ ವೇಗವನ್ನು ಸೊನ್ನೆ ಮಾಡಿಬಿಟ್ಟಿರುತ್ತದೆ. ಸೊನ್ನೆಯನ್ನು ಎಷ್ಟರಿಂದ ಗುಣಿಸಿದರೂ ಸೊನ್ನೆಯೇ. ಆದ್ದರಿಂದ ಕರೆಯುವ ಮೊದಲು ವೇಗವನ್ನು ಬೇರೆ ವೇರಿಯೇಬಲ್‌ನಲ್ಲಿ ಎತ್ತಿಡಿ. ತಾಗಿದ್ದರೆ ಅದನ್ನು ಮೈನಸ್ 0.4ರಿಂದ ಗುಣಿಸಿ ವಾಪಸ್ ಕೊಡಿ. ಬಡಿದ ವೇಗ 200 ಮೀರಿದ್ದರೆ ಒಂದು ಸೆಕೆಂಡ್ ಬೆನ್ನಟ್ಟುವುದು ಬಂದ್.

ಮಾಳಿಗೆಯ ಅಂಚಿನಲ್ಲಿ ನಿಲ್ಲಿಸಬೇಕೇ? ಬೇಡ, ಬೀಳಲಿ. ಕೆಳಗಿನ ಮಾಳಿಗೆಯಲ್ಲಿ ಅದು ಮತ್ತೆ ಸಿಗುತ್ತದೆ ಎಂಬ ಭಯ ಹುಡುಗನಿಗೆ ಇದ್ದೇ ಇರುತ್ತದೆ.

ಖಾಲಿ ಡ್ರಮ್ಮು, ತುಂಬಿದ ಡ್ರಮ್ಮು

ನನಗೆ ಎಲ್ಲಕ್ಕಿಂತ ಇಷ್ಟವಾದ ಭಾಗ ಇದು. ಇಳಿಜಾರಿನಲ್ಲಿ ಖಾಲಿ ಡ್ರಮ್ಮು ಜೋರೋ, ನೀರು ತುಂಬಿ ಮುಚ್ಚಳ ಬಿಗಿದದ್ದು ಜೋರೋ? ತುಂಬಿದ್ದೇ ಜೋರು. ಖಾಲಿ ಡ್ರಮ್ಮಿನ ತೂಕವೆಲ್ಲ ಅಂಚಿನ ಗೋಡೆಯಲ್ಲಿರುತ್ತದೆ. ಅದನ್ನು ಸುತ್ತಿಸುವುದಕ್ಕೇ ಅರ್ಧ ಶಕ್ತಿ ಹೋಗುವುದರಿಂದ, ತಿಕ್ಕಾಟವಿಲ್ಲದೆ ಜಾರುವ ವಸ್ತುವಿನ ಅರ್ಧದಷ್ಟೇ ವೇಗೋತ್ಕರ್ಷ ಸಿಗುತ್ತದೆ. ತುಂಬಿದ್ದರಲ್ಲಿ ಒಳಗಿನ ನೀರು ಡ್ರಮ್ಮಿನ ಜೊತೆ ಸುತ್ತುವುದಿಲ್ಲ, ಸುಮ್ಮನೆ ಮುಂದೆ ಸಾಗುತ್ತದೆ. ಸುತ್ತುವುದು ತೆಳು ಪ್ಲಾಸ್ಟಿಕ್ ಮಾತ್ರ. ಹಾಗಾಗಿ ಹೆಚ್ಚುಕಡಿಮೆ ಪೂರ್ತಿ ಸಿಗುತ್ತದೆ.

ಗೇಮಿಗೆ ಇದನ್ನು ತರಲು, ಡ್ರಮ್ಮು ನೆಲದ ಮೇಲಿದ್ದಾಗ, ನೆಲಕ್ಕೆ ಲಂಬವಾದ ದಿಕ್ಕನ್ನು ಕೊಡುವ ಗೆಟ್ ಫ್ಲೋರ್ ನಾರ್ಮಲ್‌ನ ಎಕ್ಸ್ ತೆಗೆದುಕೊಳ್ಳಿ. ಅದೇ ಇಳಿಜಾರಿನ ಸೈನ್. 980ರಿಂದ ಗುಣಿಸಿ, ಖಾಲಿ ಡ್ರಮ್ಮಾದರೆ ಅರ್ಧ ಮಾಡಿ, ಡೆಲ್ಟಾದಿಂದ ಗುಣಿಸಿ ವೇಗಕ್ಕೆ ಕೂಡಿಸಿ. ಇಳಿಯುವಾಗ 360ರ ಮಿತಿಯನ್ನು 480ಕ್ಕೆ ಏರಿಸಿ. ಫಲ ನೋಡಿ: 30 ಡಿಗ್ರಿ ಏರಿನಲ್ಲಿ ಖಾಲಿ ಡ್ರಮ್ಮನ್ನು ಹಿಂದಕ್ಕೆಳೆಯುವುದು 245, ಮುಂದಕ್ಕೆ ದೂಡುವುದು 240. ನಿಂತಲ್ಲಿಂದ ಅದು ಹತ್ತಲಾರದು. ತುಂಬಿದ್ದಕ್ಕೆ 15 ಡಿಗ್ರಿಯೇ ಹೆಚ್ಚಾಯಿತು. ಆದರೆ ಓಡಿ ಬಂದ ರಭಸದಲ್ಲಿ ಎರಡೂ ಸ್ವಲ್ಪ ದೂರ ಏರಿ, ಉಸ್ಸೆಂದು ಹಿಂದಕ್ಕೆ ಉರುಳುತ್ತವೆ. ಎಲ್ಲಿ ಇಳಿಜಾರು ಇಡುತ್ತೀರೋ ಅಲ್ಲಿ ಹುಡುಗನಿಗೊಂದು ಆಸರೆ ಸಿಕ್ಕಿತು. ಎರಡು ಬಗೆಯ ಶತ್ರುವಿಗೆ ಬೇರೆ ಬೇರೆ ಕೋಡ್ ಬೇಕಾಗಲಿಲ್ಲ, ಒಂದು ಸಂಖ್ಯೆ ಸಾಕಾಯಿತು.

ಸದ್ದು ಮತ್ತು ಪರೀಕ್ಷೆ

ಸದ್ದನ್ನು ಮನೆಯ ಖಾಲಿ ಡ್ರಮ್ಮು ಉರುಳಿಸಿಯೇ ಮೊಬೈಲಿನಲ್ಲಿ ರೆಕಾರ್ಡ್ ಮಾಡಿ. ನೆರೆಯವರು ಮಲಗುವ ಮಧ್ಯಾಹ್ನದ ಹೊತ್ತು ಬೇಡ. ಆಡಿಯೋ ಪ್ಲೇಯರಿನ ಪಿಚ್ ಸ್ಕೇಲನ್ನು ವೇಗಕ್ಕೆ ತಕ್ಕಂತೆ 0.7ರಿಂದ 1.3ರ ನಡುವೆ ಏರಿಳಿಸಿದರೆ ಡ್ರಮ್ಮು ಕಣ್ಣಿಗೆ ಬೀಳುವ ಮೊದಲೇ ಎಷ್ಟು ಜೋರಾಗಿ ಬರುತ್ತಿದೆ ಎಂದು ಕಿವಿಗೆ ತಿಳಿಯುತ್ತದೆ.

ಆಡಿಸಿ ನೋಡುವಾಗ ತಮ್ಮನನ್ನೋ ಪಕ್ಕದ ಖೋಲಿಯ ಅಕ್ಕನನ್ನೋ ಕೂರಿಸಿ, ನೀವು ಬಾಯಿ ಬಿಡಬೇಡಿ. ಮೊದಲ ಸಲ ಸತ್ತಾಗ “ಅಯ್ಯೋ, ಹಾರಬೇಕಿತ್ತು” ಎಂದರೆ ಸಂಖ್ಯೆಗಳು ಸರಿಯಿವೆ. “ಇದೇನು, ಹಾರಿದ್ದೆನಲ್ಲ!” ಎಂದರೆ ತಾಗುವ ವೃತ್ತವನ್ನು 13ರಿಂದ 12ಕ್ಕೆ ಇಳಿಸಿ. ಓಡಲು ಹೊರಡುವ ಮೊದಲೇ ಸಿಕ್ಕಿಬಿದ್ದರೆ ಅದುರುವ ಅರ್ಧ ಸೆಕೆಂಡನ್ನು 0.7 ಮಾಡಿ. 360 ಮತ್ತು 240ನ್ನು ಕೊನೆಗೆ ಮುಟ್ಟಿ, ಅದೂ ಒಂದು ಸಲಕ್ಕೆ ಒಂದನ್ನೇ. ಆಂಡ್ರಾಯ್ಡ್ ಮೊಬೈಲಿಗೆ ಕಳಿಸುವುದಾದರೆ ಪರದೆಯ ಮೇಲೆ ಎಡ, ಬಲ, ನೆಗೆತಕ್ಕೆ ಟಚ್‌ಸ್ಕ್ರೀನ್ ಬಟನ್ ನೋಡ್‌ಗಳನ್ನು ಸೇರಿಸಿ. ನೆಗೆತದ ಗುಂಡಿ ಉಳಿದೆರಡಕ್ಕಿಂತ ದೊಡ್ಡದಿರಲಿ.